ಮಾರುವ ಉಪ್ಪು

ಉಯುನಿಯ ಉಪ್ಪಿನ ಬಯಲಿಗೆ ಅಂಟಿಕೊಂಡ ನಮ್ಮೂರಲ್ಲಿ ಸೋಮಾರಿ ಎಂದು ಹೆಸರು ಬಂದರೆ ಹೆಂಗಸಿನ ಕಥೆ ಮುಗಿಯಿತು. ಕಳ್ಳಿ ಎಂದರೂ ಜನ ಮಾತಾಡಿಸುತ್ತಾರೆ. ನನಗೆ ಆ ಹೆಸರು ಕೊಟ್ಟವಳು ಅತ್ತೆ ಲಿಬೋರಿಯಾ, ಊರಿಗೆಲ್ಲ ಹಂಚಿದವನು ಗಂಡ ಫೋರ್ತುನಾತೋ. ಮದುವೆಗೆ ಮುಂಚೆ ನನ್ನನ್ನು ನಿಕನೋರಾ ಎಂದು ಕರೆಯುತ್ತಿದ್ದರು.

ನಮ್ಮದು ಉಪ್ಪಿನ ಕೆಲಸ. ಗಂಡ ಬಯಲಿನಿಂದ ಉಪ್ಪು ಕೆರೆದು ಲಾರಿಯಲ್ಲಿ ತರುತ್ತಾನೆ. ಅದನ್ನು ಕೊಟ್ಟಿಗೆಯಲ್ಲಿ ಕಾದ ತಗಡಿನ ಮೇಲೆ ಒಣಗಿಸಿ, ಬೀಸಿ, ಅಯೋಡಿನ್ ಬೆರೆಸಿ, ಪೊಟ್ಟಣಕ್ಕೆ ತುಂಬಿ, ಗ್ಯಾಸಿನ ಉರಿಗೆ ತೋರಿಸಿ ಬಾಯಿ ಅಂಟಿಸುವುದು ನನ್ನ ಪಾಲು. ಅಯೋಡಿನ್ ಇಲ್ಲದೆ ಮಾರುವಂತಿಲ್ಲ, ಸರ್ಕಾರದವರು ಹಿಡಿಯುತ್ತಾರೆ. ಮನೆಯ ಅಡಿಗೆಗೆ ಮಾತ್ರ ಬಯಲಿನ ಹರಳುಪ್ಪು.

"ಔಷಧಿ ನಾತದ ಉಪ್ಪು ಪೇಟೆಯವ್ರಿಗೆ. ಬಯಲು ನಮ್ದು, ಬಯಲಿಂದೇ ತಿನ್ತೀವಿ" ಎನ್ನುತ್ತಾಳೆ ಅತ್ತೆ. ಊರಲ್ಲಿ ಎಲ್ಲರ ಮನೆಯಲ್ಲೂ ಹೀಗೇ.

ಮೊದಲು ಚಳಿ ಶುರುವಾಯಿತು. ನಮ್ಮೂರಲ್ಲಿ ಚಳಿ ಯಾರಿಗಿಲ್ಲ? ಆದರೆ ನಾನು ಬೆಂಕಿಯ ಪಕ್ಕ ಕೂತು ನಡುಗುತ್ತಿದ್ದೆ. ಮುಖ ಊದಿತು. ಕೂದಲು ಬಾಚಣಿಗೆಗೇ ಬರತೊಡಗಿತು. ದನಿ ಗಂಡಸಿನ ದನಿಯಾಯಿತು. ಪೊಟ್ಟಣ ಹಿಡಿದವಳು ಮುಂದೇನು ಮಾಡಬೇಕೆಂದು ಮರೆತು ಕೂರುತ್ತಿದ್ದೆ; ಪ್ಲಾಸ್ಟಿಕ್ ಕರಗಿ ಉಪ್ಪೆಲ್ಲ ನೆಲಕ್ಕೆ ಬೀಳುತ್ತಿತ್ತು.

"ಮಹಾರಾಣಿಗೆ ಎಚ್ಚರ ಆಯ್ತಾ?" ಎಂದು ಅತ್ತೆ ದಿನಾ ಕೇಳುವಳು.

ನನ್ನನ್ನು ಬೈದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಹನ್ನೊಂದು ವರ್ಷದ ಮಗಳು ದೆಲ್ಮಿರಾ ಕ್ಲಾಸಿನಲ್ಲಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೋಗುತ್ತಾಳೆಂದು ಮೇಷ್ಟ್ರು ದೂರು ಹೇಳಿದರು. ಅವಳು ಮತ್ತೆ ಅದೇ ಕ್ಲಾಸಿನಲ್ಲಿ ಉಳಿದಾಗ ಫೋರ್ತುನಾತೋ ಶಾಲೆ ಬಿಡಿಸಿ, ಕೊಟ್ಟಿಗೆಯ ನನ್ನ ಮಣೆಯ ಮೇಲೆ ಅವಳನ್ನು ಕೂರಿಸಿದ. ನನ್ನನ್ನು ಉಣ್ಣೆಯ ಲಾಮಾಗಳನ್ನು ಮೇಯಿಸಲು ಅಟ್ಟಿದ. ಮಗು ಮೂರು ದಿನ ಅತ್ತಳು, ಪುಸ್ತಕದ ಚೀಲವನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗಿದಳು.

"ಅವಳು ದಡ್ಡಿ ಅಲ್ಲ, ನನ್ನಂಗೇ ಅವಳಿಗೂ ಏನೋ ಕಾಯಿಲೆ" ಎಂದೆ.

"ತಾಯಿ ಸೋಮಾರಿ, ಮಗಳು ದಡ್ಡಿ. ಕಾಯಿಲೆ ಅಂತೀಯಲ್ಲ, ಯಾವ ಡಾಕ್ಟ್ರಾದ್ರೂ ಅದಕ್ಕೊಂದು ಹೆಸ್ರು ಹೇಳ್ಲಿ ನೋಡೋಣ. ಅವತ್ತೇ ಅವಳನ್ನ ಸ್ಕೂಲಿಗೆ ಕಳಿಸ್ತೀನಿ" ಎಂದ.

ಅಲ್ಲಿಂದ ಆ ಹೆಸರು ಹುಡುಕಿಕೊಂಡು ಅಲೆದೆ. ಆರೋಗ್ಯ ಕೇಂದ್ರದ ಹುಡುಗ ಡಾಕ್ಟರು ಶಾಲಿನ ಮೇಲೇ ಎದೆಗೆ ಕೊಳವೆ ಒತ್ತಿ "ಎತ್ತರದ ಜಾಗ ಅಲ್ವಾ, ನರ ವೀಕು" ಎಂದ. ಅವನು ವರ್ಗವಾದ ಮೇಲೆ ಬಂದವಳು ನನ್ನನ್ನು ತಕ್ಕಡಿ ಹತ್ತಿಸಿ "ಬ್ರೆಡ್ಡು ಕಮ್ಮಿ ತಿನ್ನಮ್ಮ" ಎಂದಳು. ತಿನ್ನುವುದಕ್ಕೆ ಹಸಿವೇ ಇಲ್ಲ ಎಂದೆ. ಎಲ್ಲ ದಪ್ಪನೆಯವರೂ ಹೀಗೇ ಹೇಳುತ್ತಾರೆ ಎಂದು ನಕ್ಕಳು. ನಮ್ಮ ಹೆಂಗಸರು ಪರರೆದುರು ಶಾಲು ಬಿಚ್ಚುವುದಿಲ್ಲ. ಬಿಚ್ಚು ಎಂದು ಆ ಇಬ್ಬರೂ ಹೇಳಲೂ ಇಲ್ಲ.

ಆಮೇಲೆ, ಮೈಬಿಟ್ಟುಹೋದ ಪ್ರಾಣವನ್ನು ವಾಪಸು ಕರೆಯುವ ಮುದುಕನ ಸರದಿ. ಬಯಲಿನಲ್ಲಿ ನಾನೊಮ್ಮೆ ಜಾರಿಬಿದ್ದ ಜಾಗದಲ್ಲೇ ಪ್ರಾಣ ಉಳಿದುಬಿಟ್ಟಿದೆ ಎಂದ. ನನ್ನ ಟೋಪಿ ಬೀಸುತ್ತಾ "ಬಾ ನಿಕನೋರಾ, ಮನೆಗೆ ಬಾ" ಎಂದು ಕೂಗಿದ. ಎಷ್ಟೋ ಕಾಲದ ಮೇಲೆ ಒಬ್ಬರು ನನ್ನನ್ನು ಅಷ್ಟು ಪ್ರೀತಿಯಿಂದ ಕರೆದದ್ದು, ಅತ್ತುಬಿಟ್ಟೆ. ಪ್ರಾಣ ಬಂತೋ ಏನೋ, ಚಳಿಯಂತೂ ಹೋಗಲಿಲ್ಲ.

ಕಡೆಗೆ ಅಣ್ಣ ಬಂದು ನನ್ನನ್ನು ಪೊಟೋಸಿ ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದೊಯ್ದ. ಅಲ್ಲಿನ ವಯಸ್ಸಾದ ಡಾಕ್ಟರಮ್ಮ ನನ್ನ ದನಿ ಕೇಳಿದವಳೇ "ಶಾಲು ತೆಗೀರಿ" ಎಂದಳು. ನೀರು ಕೊಟ್ಟು ನುಂಗಿಸಿ ಕತ್ತನ್ನೇ ನೋಡಿದಳು, ಎರಡು ಬೆರಳಿಟ್ಟು ಒತ್ತಿದಳು. ರಕ್ತ ತೆಗೆಸಿದಳು. ವರದಿ ಬಂದ ಮೇಲೆ ನನ್ನನ್ನು ಕೂರಿಸಿ ಹೇಳಿದಳು:

"ಥೈರಾಯ್ಡ್ ಕೆಲ್ಸ ಮಾಡ್ತಿಲ್ಲ. ಗಳಗಂಡ, ಕತ್ತಲ್ಲಿ ಗಂಟು ಬೇರೆ ಇದೆ. ಸೋಮಾರಿ ಅಂತ ಬೈಸ್ಕೊಂಡಿರ್ಬೇಕಲ್ಲ ನೀವು?"

ಅವಳ ಕೈ ಹಿಡಿದುಕೊಂಡೆ.

"ಅಯೋಡಿನ್ ಸಾಲ್ದೇ ಬಂದಿರೋ ಹಂಗಿದೆ. ಮನೇಲಿ ಯಾವ ಉಪ್ಪು?"

"ಬಯಲಿಂದು."

"ಅಯೋಡಿನ್ ಉಪ್ಪು ನಿಮ್ಮೂರಲ್ಲಿ ಸಿಗಲ್ವಾ?"

"ನಾನೇ ಬೆರೆಸೋದು ಡಾಕ್ಟ್ರೆ. ಈಗ ನನ್ ಮಗಳು ಬೆರೆಸ್ತಾಳೆ."

ಅವಳಿಗೆ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡಳು. "ಮಗಳನ್ನ ಮೊದ್ಲು ಕರ್ಕೊಂಡ್ಬನ್ನಿ. ಮಕ್ಕಳಿಗೆ ಇದು ತಲೆಗೇ ಹೊಡ್ತ" ಎಂದು ನನಗೆ ಮಾತ್ರೆ ಬರೆದಳು.

ಬಸ್ಸಿಳಿದು ನೇರ ಕೊಟ್ಟಿಗೆಗೆ ಹೋದೆ. ದೆಲ್ಮಿರಾಳ ಶಾಲು ಬಿಚ್ಚಿ, ನೀರು ಕುಡಿಸಿ ನೋಡಿದೆ. ಆ ಸಣ್ಣ ಕತ್ತಿನಲ್ಲಿ ಚಿಕ್ಕ ಆಲೂಗಡ್ಡೆಯಷ್ಟು ಏನೋ ಮೇಲಕ್ಕೆದ್ದು ಇಳಿಯಿತು. ಹಿಂದೆ ನಿಂತಿದ್ದ ಅತ್ತೆ ಹೆಮ್ಮೆಯಿಂದ ತನ್ನ ಶಾಲು ಸರಿಸಿ, ಮುಷ್ಟಿಗಾತ್ರದ ಗಂಟು ತೋರಿಸಿದಳು.

"ಅದು ನಮ್ಮನೆ ಕತ್ತು ಕಣೆ. ನಮ್ಮಮ್ಮಂಗೂ ಇತ್ತು. ಮೊಮ್ಮಗಳು ನನ್ ರಕ್ತ!"

ಆಗ ಬಂದ ಸಿಟ್ಟಿಗೆ, ಅಂಟಿಸಿದ್ದ ಒಂದು ಪೊಟ್ಟಣವನ್ನು ಹಲ್ಲಿನಿಂದ ಹರಿದು, ಮೂಲೆಯ ಒಲೆಯ ಮೇಲಿದ್ದ ಸಾರಿಗೆ ಒಂದು ಹಿಡಿ ಸುರಿದೆ.

"ಏಯ್, ಅದು ಮಾರೋ ಉಪ್ಪು!" ಎಂದ ಲಾರಿಯಿಂದ ಇಳಿದು ಬಂದ ಫೋರ್ತುನಾತೋ.

"ಪೇಟೆಯೋರ ಮಕ್ಕಳಿಗೆಲ್ಲ ಬುದ್ಧಿ ಮಾರಿದ್ದು ಸಾಕು. ಹೆಸ್ರು ಕೇಳಿದ್ಯಲ್ಲ, ತಂದಿದೀನಿ. ಥೈರಾಯ್ಡ್. ನಾಳೆ ಅವಳನ್ನ ಪೊಟೋಸಿಗೆ ಕರ್ಕೊಂಡ್ಹೋಗ್ತೀನಿ. ಬಂದ ತಕ್ಷಣ ಸ್ಕೂಲು."

ಅವನು ಹೆಸರನ್ನು ಬಾಯಲ್ಲಿ ತಿರುವಿ ನೋಡಿದ. ಸುಳ್ಳೆನ್ನಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. "ಆಯ್ತು, ಕಳಿಸೋಣ. ಈ ಆರ್ಡರ್ ಒಂದು ಮುಗೀಲಿ" ಎಂದು ಲಾರಿಯ ಕಡೆ ಹೋದ. ಅತ್ತೆ ಸಾರು ಬಾಯಿಗಿಟ್ಟು ಔಷಧಿ ನಾತ ಎಂದು ಉಗಿದಳು.

ನಾನು ಮಗಳ ಬಟ್ಟಲು ತುಂಬಿ ಮುಂದಿಟ್ಟೆ. ಉಪ್ಪು ಹೆಚ್ಚಾಗಿದ್ದರೂ ಅವಳು ಪೂರ್ತಿ ಕುಡಿದಳು. ನೀನು ದಡ್ಡಿ ಅಲ್ಲ, ಇದು ಕಾಯಿಲೆ, ಮಾತ್ರೆ ಇದೆ, ಮತ್ತೆ ಶಾಲೆಗೆ ಹೋಗಬಹುದು ಎಂದು ನಿಧಾನವಾಗಿ ಹೇಳಿದೆ. ಅವಳು ಬಟ್ಟಲು ಕೆಳಗಿಟ್ಟು ಪೊಟ್ಟಣಗಳ ಕಡೆ ನೋಡಿದಳು. ಕುಣಿದಾಡುತ್ತಾಳೆಂದು ನಾನು ಕಾಯುತ್ತಿದ್ದೆ.

"ಅಮ್ಮ, ನೀನು ಹುಷಾರಾದ್ರೆ ನನ್ನ ಈ ಕೆಲ್ಸದಿಂದ ತೆಗೆದ್ಬಿಡ್ತಾರಾ?" ಎಂದಳು. "ಬೇಡ ಅಂತ ಹೇಳಮ್ಮ. ನಂಗೆ ಬರೋದು ಇದೊಂದೇ."