ಬುಡದ ತುಕ್ಕು

"ಅಲಗು ನೋಡಿ ನಾನು ಮರುಳಾಗೋನಲ್ಲ, ತೊರಾಕಿಚಿಯವರೇ. ಸಾಣೆ ಹಿಡಿದ್ರೆ ಯಾವ ಕತ್ತಿಯಾದ್ರೂ ಮಿಂಚತ್ತೆ. ಹಿಡಿಯೊಳಗಿನ ಬುಡದಲ್ಲಿ ತುಕ್ಕಿರತ್ತಲ್ಲ, ಕತ್ತಿಯ ವಯಸ್ಸು ಹೇಳೋದು ಅದು," ಎಂದರು ಪರೀಕ್ಷಕ ಕುರಮೋಚಿ.

ತೊರಾಕಿಚಿಯ ಸೊಸೆ ಸುಮಿಯೆ ಚಹಾ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. ನಿನ್ನೆ ಮಾವ ಸ್ನಾನಕ್ಕಿಳಿದಾಗ ಹಿಡಿ ಬಿಚ್ಚಿ, ಆ ಕಪ್ಪು ತುಕ್ಕನ್ನೆಲ್ಲ ಪಾತ್ರೆ ಉಜ್ಜುವ ನಾರಿನಿಂದ ತಿಕ್ಕಿ ತೆಗೆದವಳು ಅವಳೇ. ಒಸಾಕಾದಿಂದ ಬರುವ ದೊಡ್ಡ ಮನುಷ್ಯರ ಮುಂದೆ ಮನೆಯ ಮಾನ ಹೋಗಬಾರದೆಂದು, ಪಾಪ, ಬಾಣಲೆ ತೊಳೆಯುವಷ್ಟೇ ನಿಷ್ಠೆಯಿಂದ ತಿಕ್ಕಿದ್ದಳು.

ಈ ಕತ್ತಿ, ಕತ್ತಿಗಳಿಗೇ ಹೆಸರಾದ ಒಸಾಫುನೆ ಊರಿನ ಹಳೆಯ ಕಮ್ಮಾರರ ಕೈಯದೆಂದು ತೊರಾಕಿಚಿಯ ಅಪ್ಪ ಸಾಯುವಾಗಲೂ ಹೇಳಿದ್ದ. ಊರು ನಕ್ಕಿತ್ತು. ಅಪ್ಪನ ಮಾತು ನಿಜವೆಂದು ಒಬ್ಬ ತಿಳಿದವನ ಬಾಯಲ್ಲಿ ಕೇಳಬೇಕೆಂದು ಕಾದೇ ತೊರಾಕಿಚಿ ಮುದುಕನಾಗಿದ್ದ.

ಸುಮಿಯೆ ಕೂತಳು, ಎದ್ದಳು, ಜಾರುಬಾಗಿಲು ಮುಚ್ಚಿದಳು, ಮತ್ತೆ ತೆರೆದಳು.

"ಏನೇ, ಇರುವೆ ಕಚ್ತಾ? ಕೂರೋಕಾಗಲ್ವಾ ಒಂದ್ಕಡೆ?"

"ಮಾವ, ಇವತ್ತು ಬೇಡ. ಇನ್ನೊಂದಿನ ನೋಡಿಸೋಣ."

"ತಲೆಗಿಲೆ ಕೆಟ್ಟಿದೆಯಾ ನಿಂಗೆ?"

ಕುರಮೋಚಿ ಕತ್ತಿಗೆ ತಲೆಬಾಗಿ, ಹಿಡಿಯನ್ನು ಅಲಗಿಗೆ ಬಿಗಿದಿದ್ದ ಬಿದಿರಿನ ಗೂಟವನ್ನು ಪುಟ್ಟ ಸುತ್ತಿಗೆಯಿಂದ ತಟ್ಟಿ ತೆಗೆದರು. ಕತ್ತಿಯನ್ನು ಒಂದು ಕೈಯಲ್ಲಿ ನೆಟ್ಟಗೆ ಹಿಡಿದು, ಆ ಕೈಯ ಮಣಿಕಟ್ಟಿಗೆ ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿದರು. ಅಲಗು ಸಡಿಲವಾಯಿತು, ಹಿಡಿ ಕಳಚಿತು. ಬುಡ ಹೊಸ ಚಮಚದಂತೆ ಹೊಳೆಯುತ್ತಿತ್ತು.

"ಯಾರು?" ಕುರಮೋಚಿ ತಲೆಯೆತ್ತಿದರು. "ಯಾರು ಮಾಡಿದ್ದು ಇದನ್ನ?"

ಸುಮಿಯೆ ಬಾಯಿ ತೆರೆದಳು. ಮುದುಕ ಬುಡವನ್ನು ನೋಡಿದ, ಇನ್ನೂ ಕಪ್ಪಾಗಿಯೇ ಇದ್ದ ಅವಳ ಬೆರಳ ತುದಿಗಳನ್ನು ನೋಡಿದ.

"ನಾನೇ ಉಜ್ಜಿದ್ದು," ಎಂದ.

"ನೀವಾ? ಇಷ್ಟು ವರ್ಷ ಕಾಪಾಡ್ಕೊಂಡು ಬಂದೋರು? ಎಳೆಮಗೂನೂ ಮಾಡಲ್ಲ ಇಂಥ ಕೆಲಸ!"

"ವಯಸ್ಸಾಯ್ತು. ಬುದ್ಧಿ ಕೆಟ್ಟಿತು." ಊರಲ್ಲಿ ಯಾರಿಗೂ ಬಗ್ಗದ ಮುದುಕ ಚಾಪೆಗೆ ಹಣೆ ಹಚ್ಚಿದ. ಸುಮಿಯೆಗೆ ಅದನ್ನು ನೋಡಲಾಗಲಿಲ್ಲ.

ಕುರಮೋಚಿ ಅಲಗನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಸಿಟ್ಟು ಇಳಿದಿತ್ತು. "ಅಲಗು ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಆದ್ರೆ ಯಾವ ಕಾಲದ್ದು, ಯಾರ ಕೈಯದು ಅಂತ ನಾನಿನ್ನು ಹೇಳಲಾರೆ. ಬೇರೆ ಯಾರಿಗೂ ಹೇಳೋಕಾಗಲ್ಲ."

"ಮಾವ, ಅದು ನಾನು..."

"ಚಹಾ ಆರ್ತಿದೆ. ಬಗ್ಗಿಸು."

ಅವಳು ಮಾವನ ಮುಖವನ್ನೇ ನೋಡುತ್ತ ಬಗ್ಗಿಸಿದಳು; ಬಟ್ಟಲು ತುಂಬಿ ಚಹಾ ಚಾಪೆಯ ಮೇಲೆ ಚೆಲ್ಲಿತು. ಅವಳು ಬಟ್ಟೆ ಹುಡುಕುವಷ್ಟರಲ್ಲಿ ಮುದುಕ ಈ ದಿನಕ್ಕೆಂದೇ ಉಟ್ಟಿದ್ದ ಕಿಮೋನೊದ ತೋಳಿನಿಂದ ಒರೆಸತೊಡಗಿದ. ಚಾಪೆ ಒಣಗಿದ ಮೇಲೂ ಒರೆಸುತ್ತಲೇ ಇದ್ದ.