ಒಂಬತ್ತನೇ ಹೆಸರು

ಎಂಟು ಹೆಸರು ಬರೆದಾಗಿತ್ತು. ಒಂಬತ್ತನೆಯದಕ್ಕೆ ಬಂದಾಗ ಅರುಣಕುಮಾರಿಯ ಪೆನ್ನು ನಿಂತಿತು.

ಬಂಗಾರಪೇಟೆಯ ಮೈದಾನದಲ್ಲಿ ಬೇಸ್‌ಬಾಲ್ ಪಂದ್ಯ ಶುರುವಾಗಲು ಇನ್ನು ಕಾಲು ಗಂಟೆ. ಬ್ಯಾಟಿಂಗಿಗೆ ಯಾರ ಹಿಂದೆ ಯಾರು ಎಂಬ ಪಟ್ಟಿಯನ್ನು ಅಂಪೈರಿಗೆ ಕೊಡಬೇಕು. ಊರಿಗಾಂ ಹುಡುಗಿಯರ ಈ ತಂಡ ಕಟ್ಟಿ ಏಳು ವರ್ಷ. ಕಟ್ಟಿದವಳೂ ಅವಳೇ, ಪಟ್ಟಿ ಬರೆಯುವವಳೂ ಅವಳೇ, ಜೊತೆಗೆ ಆಡುವವಳೂ ಹೌದು. ವಯಸ್ಸು ನಲವತ್ತೊಂದು. ಪಟ್ಟಿ ಓದುವವರು ತಮ್ಮ ಹೆಸರನ್ನು ಕೊನೆಗೆ ಹೇಳಬೇಕೆಂಬುದು ಅವಳೇ ಮಾಡಿದ ನೇಮ. "ಬಡ್ಸೋಳು ಕೊನೇಗೆ ಉಣ್ಬೇಕು ಕಣ್ರೇ" ಎನ್ನುತ್ತಿದ್ದಳು. ಅವಳ ಹೆಸರು ಬಂದದ್ದೇ ಎಲ್ಲರೂ "ಬಾಲ ಬಂತು" ಎಂದು ಚಪ್ಪಾಳೆ ಹೊಡೆಯುತ್ತಿದ್ದರು. ವಾರವೆಲ್ಲ ಗಾರ್ಮೆಂಟ್ಸ್ ಕೆಲಸ, ಮನೆಗೆ ಬಂದರೆ ಒಬ್ಬಳಿಗೇ ಅಡುಗೆ, ಒಂದೇ ತಟ್ಟೆ. ಆ ಚಪ್ಪಾಳೆ ತನಗೆ ಎಷ್ಟು ಬೇಕೆಂದು ಅವಳು ಯಾರಿಗೂ ಹೇಳಿರಲಿಲ್ಲ.

ಕಳೆದ ಪಂದ್ಯದಲ್ಲಿ ಮಂಡಿ ಕೈಕೊಟ್ಟಿತ್ತು. ಚೆಂಡು ಹೊಡೆದು ಓಡಿದವಳು ಫಸ್ಟ್ ಬೇಸ್ ಮುಟ್ಟುವ ಮುಂಚೆ ಚೆಂಡೇ ಅಲ್ಲಿ ಮುಟ್ಟಿತು, ಅವಳು ಔಟಾದಳು, ಆಟವೂ ಹೋಯಿತು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಆಡುವುದು ಒಂಬತ್ತೇ ಜನ. ಈಗ ಹತ್ತನೆಯವಳಾಗಿ ಲಿಖಿತ ಸೇರಿದ್ದಾಳೆ, ಆಂಡರ್ಸನ್‌ಪೇಟೆಯ ಪಿಯುಸಿ ಹುಡುಗಿ. ಹೊಡೆದರೆ ಚೆಂಡು ಹುಡುಕಲು ಇಬ್ಬರು ಬೇಕು.

'ಲಿಖಿತ' ಎಂದು ಬರೆದಳು. ಪೆನ್ನಿನ ಮುಚ್ಚಳ ಮಾತ್ರ ಹಾಕಲಿಲ್ಲ. ಒಬ್ಬಳಾದರೂ 'ಅಕ್ಕಾ, ನೀನು?' ಅಂದರೆ ಸಾಕು, ಆ ಹೆಸರು ಹೊಡೆದುಹಾಕಿ ತನ್ನದು ಬರೆದುಬಿಡುತ್ತಿದ್ದಳು. ತ್ಯಾಗ ಗೀಗ ಏನೂ ಅಲ್ಲ. ಕೇಳಲಿ ಎಂಬ ಆಸೆ, ಅಷ್ಟೇ.

"ಬನ್ರೇ, ಕೇಳ್ಕಳಿ. ಮೊದ್ಲು ಪ್ರಿಯಾ."

ತನ್ನ ಹೆಸರು ಕೇಳಿದ್ದೇ ಪ್ರಿಯಾ ಶೂ ಲೇಸು ಕಟ್ಟಲು ಬಗ್ಗಿದಳು.

"ನಾಕ್ನೇದು ಶ್ಯಾಮಲಾ."

"ಮೂರಕ್ಕೆ ಆಕಕ್ಕಾ ನನ್ನ."

"ಸುಮ್ಕಿರ್ಲೇ. ನಿನ್ನ ಒಡೆತಕ್ಕೆ ಮುಂದ್ಲೋರು ಮೂರು ಜನಾನೂ ಓಡ್ಬರ್ಬೇಕು."

ಓದುತ್ತಾ ಹೋದಳು. ಕೊನೆಯ ಸಾಲಿಗೆ ಬಂದು ಒಮ್ಮೆ ತಲೆಯೆತ್ತಿ ಎಲ್ಲರ ಮುಖ ನೋಡಿದಳು. "ಒಂಬತ್ನೇದು... ಲಿಖಿತ."

"ಬಾಲ ಬಂತು!" ಎಲ್ಲರೂ ಚಪ್ಪಾಳೆ ಹೊಡೆದರು. ಲಿಖಿತ ನಾಚಿ ನಕ್ಕಳು.

"ಇನ್ನೇನಾರ ಕೇಳೋದೈತಾ?" ಎಂದಳು ಅರುಣಕುಮಾರಿ.

"ಐತಕ್ಕಾ" ಎಂದಳು ಶ್ಯಾಮಲಾ.

ಅರುಣಕುಮಾರಿ ಪೆನ್ನಿನ ಮೊನೆಯನ್ನು ಲಿಖಿತಳ ಹೆಸರಿನ ಮೇಲಿಟ್ಟಳು.

"ನೀರಿನ ಕ್ಯಾನು ಎಲ್ಲಿಟ್ಟಿದೀಯ?"

ಕ್ಯಾನು ತೋರಿಸಿ, ಪಟ್ಟಿಯನ್ನು ಅಂಪೈರಿಗೆ ಕೊಟ್ಟು ಬಂದಳು. ಹುಡುಗಿಯರು ಮೊಬೈಲು, ಬಳೆ, ಬ್ಯಾಗು ಎಲ್ಲ ಅವಳ ಮುಂದೆ ಹಾಕಿ ಮೈದಾನಕ್ಕೆ ಓಡಿದರು. ಅವಳಿಗೆ ಅಳು ಬಂತು. ಅತ್ತರೆ ಕೇಳಲು ಯಾರೂ ಹತ್ತಿರ ಇರಲಿಲ್ಲ, ಹಾಗಾಗಿ ಅಳಲಿಲ್ಲ.

ಪ್ರಿಯಾಳ ಮೊಬೈಲು ಹೊಡೆದುಕೊಂಡಿತು. ಅವಳ ಅಮ್ಮ.

"ಪ್ರಿಯಾ ಆಟ್ದಲ್ಲವ್ಳಮ್ಮಾ."

"ನೀವ್ಯಾರು?"

ಎರಡು ವರ್ಷದಿಂದ ಪ್ರಿಯಾಗೆ ಬ್ಯಾಟು ಹಿಡಿಯಲು ಕಲಿಸುತ್ತಿದ್ದವಳು ಮುಂದಿದ್ದ ಬ್ಯಾಗುಗಳನ್ನು ನೋಡಿದಳು.

"ಉಡ್ಗೀರ ಬ್ಯಾಗ್ ನೋಡ್ಕಂಡಿವ್ನಿ."

"ಅಯ್ಯೋ ಪಾಪ, ಬಿಸ್ಲಾಗೆ ಕುಂತಿದೀರೇನೋ. ನೆಳ್ಳಿಗೆ ಓಗಿ ತಾಯಿ."

ಅರುಣಕುಮಾರಿ ಒಂಬತ್ತು ಬ್ಯಾಗುಗಳನ್ನು ಒಂದೊಂದಾಗಿ ಹುಣಸೆ ಮರದ ಬುಡಕ್ಕೆ ಸಾಗಿಸಿದಳು. ತನ್ನದೊಂದು ಬಿಸಿಲಲ್ಲೇ ಉಳಿದಿತ್ತು.