ವರ್ನಾ ಕೇಳಿದ ಬಿಳಿ ಹೂ

ಹಿತ್ತಲ ಬೇಲಿಯ ಬಳಿ ಮಂಡಿಯೂರಿ ಆರ್ಫಾ ಒಂದೊಂದೇ ಗಿಡ ಸರಿಸಿ ನೋಡುತ್ತಿದ್ದಳು. ಫ್ಲಾಕ್ಸ್ ಹೂ ಗೊಂಚಲು ಗೊಂಚಲಾಗಿ ಅರಳಿತ್ತು. ಎಲ್ಲವೂ ಬೀಟ್‌ರೂಟಿನ ಬಣ್ಣ. ಬಿಳಿಯದು ಒಂದೂ ಇಲ್ಲ.

"ಆರ್ಫಾ ಅತ್ತೇ, ಹತ್ತಕ್ಕೆ ಚರ್ಚು," ಮುಂದಿನ ರಸ್ತೆಯಿಂದ ಲೊರೀನ್ ಕೂಗಿದಳು. ಮೊನ್ನೆ ತೀರಿಕೊಂಡ ಗೆಳತಿ ವರ್ನಾಳ ಮಗಳು. "ಅಮ್ಮ ಕೇಳಿದ ಬಿಳಿ ಹೂ ಮರೀಬೇಡಿ."

"ಮರೆಯೋದುಂಟೇನೇ? ನೀ ನಡಿ, ಬಂದೆ."

ಹೇಳಿದ್ದೇನೋ ಧೈರ್ಯವಾಗಿಯೇ. ಕೊನೆಗೆ ಆ ಬೀಟ್‌ರೂಟ್ ಬಣ್ಣದ್ದನ್ನೇ ಒಂದು ತೆಕ್ಕೆ ಕೊಯ್ದು ಟವೆಲಿನಲ್ಲಿ ಸುತ್ತಿದಳು.

*

ಮೂವತ್ತು ವರ್ಷದ ಹಿಂದೆ ವರ್ನಾ ತನ್ನ ತವರಿನ ಬಿಳಿ ಫ್ಲಾಕ್ಸಿನ ಬೇರನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದುಕೊಟ್ಟಿದ್ದಳು. ಆರ್ಫಾ ಬಾಯಿ ತೆರೆದದ್ದೇ ತಡ, ವರ್ನಾ ಮಣ್ಣುಗೈಯಿಂದಲೇ ಅದನ್ನು ಮುಚ್ಚಿದ್ದಳು.

"ಥ್ಯಾಂಕ್ಸ್ ಅನ್ನಬೇಡ ಮಾರಾಯ್ತಿ! ಗಿಡ ಕೊಟ್ಟೋರಿಗೆ ಥ್ಯಾಂಕ್ಸ್ ಅಂದ್ರೆ ಗಿಡ ಸಾಯುತ್ತೆ. ಇನ್ನೊಂದು, ಹೂ ಬಾಡಿದ ಕೂಡ್ಲೇ ತಲೆ ಕತ್ತರಿಸು. ಬೀಜ ಬಿತ್ತೋ, ಹುಟ್ಟೋದೆಲ್ಲ ಕಾಡುಬಣ್ಣ. ತಾಯಿಗಿಡಾನೇ ನುಂಗಿಬಿಡ್ತವೆ."

ಕೆಂಟಕಿಯ ಆ ಕಣಿವೆಯಲ್ಲಿ ಎರಡೂ ಎಲ್ಲರೂ ನಂಬುವ ಮಾತೇ. ಆದರೆ ಗಂಡ ಕಲ್ಲಿದ್ದಲು ಗಣಿಯಲ್ಲಿ ಕಾಲು ಮುರಿದುಕೊಂಡು ಮಲಗಿದ ವರ್ಷ ಕತ್ತರಿ ಹಿಡಿಯಲು ಆರ್ಫಾಗೆ ಪುರುಸೊತ್ತಾಗಲಿಲ್ಲ. ಐದಾರು ವರ್ಷದಲ್ಲಿ ಬಿಳಿ ಮಾಯವಾಯಿತು. ಹೇಳಲು ನಾಚಿಕೆ. ಆಮೇಲೆ ಬೇಸಿಗೆಯಲ್ಲಿ ವರ್ನಾ ಬಂದರೆ ಮುಂಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಹೋದ ಚಳಿಗಾಲ ಹಾಸಿಗೆ ಹಿಡಿದ ವರ್ನಾ ಅವಳ ಕೈಹಿಡಿದು, "ನನ್ನ ಪೆಟ್ಟಿಗೆ ಮೇಲೆ ಆ ಬಿಳಿ ಹೂ ಇಡು. ಉಳಿದಿರೋದು ನಿನ್ನ ಹತ್ರ ಮಾತ್ರ," ಎಂದಳು. ಆಗಲಾದರೂ ನಿಜ ಹೇಳಬಹುದಿತ್ತು. ಆರ್ಫಾ ಹ್ಞೂಂ ಎಂದುಬಿಟ್ಟಳು.

*

ಚರ್ಚಿನಲ್ಲಿ ಶವಪೆಟ್ಟಿಗೆಯ ಮುಂದೆ ನಿಂತು ಆರ್ಫಾ ಹೂವಿಗೆ ಸುತ್ತಿದ್ದ ಟವೆಲ್ ಬಿಚ್ಚಿದಳು.

"ಲೊರೀನ್, ಕ್ಷಮಿಸಮ್ಮ. ಬಿಳಿ ಹೋಗಿ ಇಪ್ಪತ್ತು ವರ್ಷ ಆಯ್ತು. ನನ್ನ ಹತ್ರ ಮಾತ್ರ ಇದೆ ಅಂತ ನಂಬಿಕೊಂಡು ಹೋದ್ಲು ನಿಮ್ಮಮ್ಮ..."

ಎರಡನೇ ಬೆಂಚಿನಿಂದ ಪೋಸ್ಟಾಫೀಸಿನ ಡೆಲ್ಫಾ ಎದ್ದಳು. "ನಿನ್ನ ಹತ್ರ ಮಾತ್ರ ಅಂದಿದ್ಲಾ? ನಂಗೂ ಹಾಗೇ ಅಂದಿದ್ಲು ಕಣೇ!" ಅವಳ ಚೀಲದಿಂದ ಹೊರಬಂದದ್ದೂ ಅದೇ ಬಣ್ಣ.

"ನಂಗೂ," ಎಂದಿತು ಹಿಂದಿನ ಬೆಂಚು. ಅದರ ಹಿಂದಿನದೂ.

ಲೊರೀನ್ ಅಳುತ್ತಲೇ ನಕ್ಕುಬಿಟ್ಟಳು. "ಅಮ್ಮನ ಗಿಡಾನೂ ಯಾವತ್ತೋ ಹಿಂಗೇ ಆಗಿತ್ತು. ಯಾರಿಗೂ ಹೇಳ್ಬೇಡ ಅಂದಿದ್ಲು."

ಹೆಂಗಸರೆಲ್ಲ ತಂದದ್ದನ್ನು ತಂದಂತೆಯೇ ಮುಚ್ಚಳದ ಮೇಲೆ ಹೇರಿದರು. ಪೆಟ್ಟಿಗೆ ಎತ್ತಲು ಬಂದ ಗಂಡಸರು ಹಿಡಿಕೆ ತಡಕಬೇಕಾಯಿತು. ಅವರು ಬಾಗಿಲು ದಾಟುವಷ್ಟರಲ್ಲಿ ಆರೂ ಜನರ ಕರಿಕೋಟಿನ ತೋಳಿನ ತುಂಬ ಬೀಟ್‌ರೂಟ್ ಬಣ್ಣದ ಎಸಳು ಉದುರಿದ್ದವು. ಕೊಡವಿಕೊಳ್ಳಲು ಯಾರ ಕೈಯೂ ಖಾಲಿ ಇರಲಿಲ್ಲ.